ಸೆಸ್ನಾ 172 ಮಾದರಿಯ ಮನೆ ಕಾಕ್‌ಪಿಟ್: ಯಾವ ಭಾಗ ಯಾವುದಕ್ಕೆ ಕೂಡುತ್ತದೆ

ಯುಎಸ್‌ಬಿ ಪ್ಲಗ್ ಸರಿಯಾಗಿ ಕೂತಿತು, ವಿಂಡೋಸ್ ಟಿಂಗ್ ಎಂದಿತು ಎಂದಾಕ್ಷಣ ಸಾಧನ ಹೊಂದಿಕೊಂಡಿತು ಎಂದಲ್ಲ. ಕೈಯಡಿ ಇರುವ ಸ್ವಿಚ್ ಯಾವ ಸ್ಥಿತಿಯಲ್ಲಿದೆಯೋ, ಪರದೆಯೊಳಗಿನ ವಿಮಾನದ ಸ್ವಿಚ್ಚೂ ಅದೇ ಸ್ಥಿತಿಯಲ್ಲಿರಬೇಕು. ಹೊಂದಾಣಿಕೆ ಎಂದರೆ ಇಷ್ಟೇ. ಲ್ಯಾಂಡಿಂಗ್ ಲೈಟಿನ ಸ್ವಿಚ್ ಕೆಳಗಿದ್ದಾಗ ದೀಪ ಉರಿಯುತ್ತಿದ್ದರೆ ಎಷ್ಟು ದುಬಾರಿ ಸಾಮಾನು ತಂದರೂ ಅದು ಆಟಿಕೆಯೇ. ಈ ಜೋಡಣೆಯಲ್ಲಿ ಭಾಗಗಳನ್ನು ಆರಿಸುವಾಗಲೆಲ್ಲ ಮೊದಲು ಕೇಳಿದ ಪ್ರಶ್ನೆ ಇದು.

ಗುರಿ ಒಂದೇ ಎಂಜಿನ್ನಿನ, ಮುಳ್ಳಿನ ಮಾಪಕಗಳ ಸೆಸ್ನಾ 172. ಯೋಕ್ (ವಿಮಾನದ ಸ್ಟೀರಿಂಗ್) ಮತ್ತು ಪೆಡಲ್ ಸಿದ್ಧ ಸಾಮಾನು. ಥ್ರಾಟಲ್ (ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವುದು), ಮಿಕ್ಸ್ಚರ್ (ಇಂಧನ, ಗಾಳಿಯ ಮಿಶ್ರಣ ಹೊಂದಿಸುವುದು), ಸ್ವಿಚ್ ಪ್ಯಾನೆಲ್, ರೇಡಿಯೊ ಪ್ಯಾನೆಲ್ ಕೈಯಿಂದ ಮಾಡಿದವು. ತಂತ್ರಾಂಶ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅಥವಾ ಎಕ್ಸ್-ಪ್ಲೇನ್, ಎರಡರಲ್ಲಿ ಯಾವುದಾದರೂ ಸರಿ. ಆದರೆ ಓಡುವುದು ಪಿಸಿ ಮೇಲೆ. ಎಕ್ಸ್‌ಬಾಕ್ಸ್‌ನಲ್ಲಿ ಹಾರಿಸುವ ಯೋಚನೆ ಇದ್ದರೆ ಇಲ್ಲಿಯೇ ನಿಲ್ಲುವುದು ಒಳ್ಳೆಯದು. ಎಕ್ಸ್‌ಬಾಕ್ಸ್ ತನ್ನ ಪರವಾನಗಿ ಪಡೆದ ಸಾಧನಗಳನ್ನು ಮಾತ್ರ ಒಪ್ಪುತ್ತದೆ. ಆರ್ಡುಯಿನೊ (ಪ್ರೋಗ್ರಾಮ್ ಬರೆದು ಹಾಕಬಹುದಾದ ಸಣ್ಣ ಬೋರ್ಡ್) ಹಾಕಿ ಮಾಡಿದ ಪ್ಯಾನೆಲ್ ಅದರ ಕಣ್ಣಿಗೇ ಬೀಳುವುದಿಲ್ಲ. ಒಂದೇ ಯೋಕ್‌ನ ಪಿಸಿ ಆವೃತ್ತಿ, ಎಕ್ಸ್‌ಬಾಕ್ಸ್ ಆವೃತ್ತಿ ಎರಡೂ ಮಾರಾಟಕ್ಕಿದ್ದಾಗ ಪೆಟ್ಟಿಗೆಯ ಮೇಲಿನ ಗುರುತು ನೋಡದೆ ತಂದವರು ಪೇಚಿಗೆ ಸಿಗುವುದು ಹೀಗೆ.

ಮೊದಲು ಲೆಕ್ಕ

ಅಂಗಡಿಗೆ ಹೋಗುವ ಮೊದಲು ವಿಮಾನದ ಚಿತ್ರ ಮುಂದಿಟ್ಟುಕೊಂಡು ಎಣಿಸಬೇಕು. ಜರುಗುತ್ತಾ ಹೋಗುವ ಹಿಡಿತಗಳು, ಅಂದರೆ ಆಕ್ಸಿಸ್‌ಗಳು: ಯೋಕ್‌ಗೆ 2, ಮೂಗು ಎಡ ಬಲ ತಿರುಗಿಸುವ ರಡರ್‌ಗೆ 1, ಎಡ ಬಲ ಬ್ರೇಕಿಗೆ 2, ಥ್ರಾಟಲ್ 1, ಮಿಕ್ಸ್ಚರ್ 1. ಒಟ್ಟು 7. ಮೂಗಿನ ಏರಿಳಿತವನ್ನು ಹಿಡಿದಿಡುವ ಎಲಿವೇಟರ್ ಟ್ರಿಮ್ ಚಕ್ರವನ್ನು ಎಂಟನೆಯ ಆಕ್ಸಿಸ್ ಮಾಡಲು ಮನಸ್ಸು ಎಳೆಯುತ್ತದೆ, ಮಾಡಬಾರದು. ಆಟೊಪೈಲಟ್ ಹಾಕಿದಾಗ ಅದು ತಾನೇ ಟ್ರಿಮ್ ತಿರುಗಿಸುತ್ತದೆ, ಮೇಜಿನ ಮೇಲಿನ ಪೊಟೆನ್ಶಿಯೊಮೀಟರ್ (ಹಿಡಿ ಎಲ್ಲಿದೆ ಎಂದು ವೋಲ್ಟೇಜ್ ಮೂಲಕ ಹೇಳುವ ಭಾಗ) ಮಾತ್ರ ಇದ್ದಲ್ಲೇ ಇರುತ್ತದೆ. ಆಟೊಪೈಲಟ್ ತೆಗೆದು ಚಕ್ರ ಮುಟ್ಟಿದ ಕ್ಷಣ ಟ್ರಿಮ್ ಹಳೆಯ ಜಾಗಕ್ಕೆ ನೆಗೆಯುತ್ತದೆ, ವಿಮಾನ ಮೂಗು ಎತ್ತುತ್ತದೆ ಇಲ್ಲವೇ ಮುಗ್ಗರಿಸುತ್ತದೆ. ಕೊನೆಯಿಲ್ಲದೆ ತಿರುಗುವ ಎನ್‌ಕೋಡರ್ ಹಾಕಿದರೆ ಈ ಜಗಳವೇ ಇಲ್ಲ. ಅದು ಎಲ್ಲಿದ್ದೇನೆ ಎಂದು ಹೇಳುವುದಿಲ್ಲ, ಇಷ್ಟು ಮೇಲೆ, ಇಷ್ಟು ಕೆಳಗೆ ಎಂದಷ್ಟೇ ಹೇಳುತ್ತದೆ.

ಸ್ವಿಚ್‌ಗಳು: ಆಲ್ಟರ್ನೇಟರ್, ಬ್ಯಾಟರಿ, ಎವಿಯಾನಿಕ್ಸ್ 1 ಮತ್ತು 2, ಇಂಧನ ಪಂಪ್, ಬೀಕನ್, ಲ್ಯಾಂಡಿಂಗ್, ಟ್ಯಾಕ್ಸಿ, ನ್ಯಾವ್, ಸ್ಟ್ರೋಬ್, ಪಿಟೊ ಹೀಟ್. ಇವು 11. ಇಂಧನ ಮುಚ್ಚುವ ಗುಬುಟಿ ಸೇರಿದರೆ 12. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗೆ 4 ಸ್ಥಾನ ಮತ್ತು ಸ್ಟಾರ್ಟರ್, ಸೇರಿ 5. ಇಂಧನ ಆಯ್ಕೆಗೆ 3, ಫ್ಲ್ಯಾಪ್‌ಗೆ 4. ಒಟ್ಟು 24 ಸಂಕೇತ. ರೇಡಿಯೊ ಪ್ಯಾನೆಲ್‌ನಲ್ಲಿ ಕಾಮ್ (ಮಾತಾಡುವ ರೇಡಿಯೊ) ಮತ್ತು ನ್ಯಾವ್‌ಗೆ (ದಾರಿ ತೋರುವ ರೇಡಿಯೊ) ಒಂದರೊಳಗೊಂದು ಕೂತ ಜೋಡಿ ಎನ್‌ಕೋಡರ್ ಎರಡು, ಆಲ್ಟಿಮೀಟರ್ ಒತ್ತಡಕ್ಕೆ ಒಂದು, ಹೋಗಬೇಕಾದ ದಿಕ್ಕು ಗುರುತಿಸುವ ಹೆಡಿಂಗ್ ಬಗ್‌ಗೆ ಒಂದು.

ಈ ಎಣಿಕೆ ನೋಡಿಯೇ ಎರಡು ಬೋರ್ಡುಗಳಿಗೆ ಕೆಲಸ ಹಂಚಿದ್ದು. ಸ್ವಿಚ್ ಪ್ಯಾನೆಲ್, ಥ್ರಾಟಲ್, ಮಿಕ್ಸ್ಚರ್, ಟ್ರಿಮ್ ಒಂದು ಪ್ರೊ ಮೈಕ್ರೊ ಬೋರ್ಡಿಗೆ. ಅದರ ಎಟಿಮೆಗಾ 32ಯು4 ಚಿಪ್‌ನಲ್ಲಿ ಯುಎಸ್‌ಬಿ ಒಳಗೇ ಇದೆ. ಆದ್ದರಿಂದ ಅದು ಕಂಪ್ಯೂಟರಿಗೆ ಸಾಮಾನ್ಯ ಜಾಯ್‌ಸ್ಟಿಕ್‌ನಂತೆ ಕಾಣುತ್ತದೆ, ಬೇರೆ ತಂತ್ರಾಂಶವಿಲ್ಲದೆ ಯಾವ ಸಿಮ್ಯುಲೇಟರ್‌ನಲ್ಲೂ ನಡೆಯುತ್ತದೆ. ರೇಡಿಯೊ ಪ್ಯಾನೆಲ್ ಮೆಗಾ 2560 ಬೋರ್ಡಿಗೆ. ಮೆಗಾ ಜಾಯ್‌ಸ್ಟಿಕ್ ಅಲ್ಲ, ಸೀರಿಯಲ್ ಪೋರ್ಟ್. ನಡುವೆ ಮೊಬಿಫ್ಲೈಟ್ ಎಂಬ ತಂತ್ರಾಂಶ ಓಡುತ್ತಿರಲೇಬೇಕು. ಅಂಕಿಗಳನ್ನು ಸಿಮ್ಯುಲೇಟರ್‌ನಿಂದ ಹೊರಗೆ ತಂದು ತೋರಿಸಬೇಕಾದ್ದರಿಂದ ಆ ಮಧ್ಯವರ್ತಿ ಹೇಗೂ ಬೇಕು. ಹಾರಾಟದ ನಡುವೆ ಮೊಬಿಫ್ಲೈಟ್ ನಿಂತರೆ ರೇಡಿಯೊ ಹೋಗುತ್ತದೆ, ಥ್ರಾಟಲ್ ಕೈಯಲ್ಲೇ ಉಳಿಯುತ್ತದೆ. ಹಂಚುವಾಗ ಇದನ್ನು ನೋಡಿಕೊಳ್ಳಿ. ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಆರ್ಡುಯಿನೊ ಉನೊವನ್ನು ಜಾಯ್‌ಸ್ಟಿಕ್ ಮಾಡಲು ಹೊರಡಬೇಡಿ. ಅದರ ಮುಖ್ಯ ಚಿಪ್‌ಗೆ ಯುಎಸ್‌ಬಿ ಇಲ್ಲ.

ಸಿದ್ಧ ಸಾಮಾನಿನ ಪ್ಲಗ್‌ಗಳು

ಒಂದೇ ಕಂಪನಿಯ ಸಾಮಾನಾದರೆ ತಾನೇ ಕೂಡುತ್ತದೆ ಎಂಬ ನಂಬಿಕೆ ಅರ್ಧ ನಿಜ. ಲಾಜಿಟೆಕ್ ಯೋಕ್ ಜೊತೆ ಬರುವ ಥ್ರಾಟಲ್ ಕ್ವಾಡ್ರಂಟ್‌ನ (ಲಿವರ್‌ಗಳ ಪೆಟ್ಟಿಗೆ) ಪ್ಲಗ್ ಹಳೆಯ ಪಿಎಸ್/2 ಮೌಸ್ ಪ್ಲಗ್ಗಿನಂತೆಯೇ ಕಾಣುತ್ತದೆ. ಅದು ಹೋಗಬೇಕಾದ್ದು ಯೋಕ್‌ನ ಬೆನ್ನಿಗೆ, ಕಂಪ್ಯೂಟರಿಗಲ್ಲ. ಥ್ರಸ್ಟ್‌ಮಾಸ್ಟರ್‌ನ ಅಗ್ಗದ ರಡರ್ ಪೆಡಲ್‌ನ ತುದಿಯಲ್ಲಿ ಟೆಲಿಫೋನ್ ಜ್ಯಾಕ್‌ನಂಥ ಆರ್‌ಜೆ12 ಪ್ಲಗ್ ಇರುತ್ತದೆ. ಅದನ್ನು ಅದೇ ಕಂಪನಿಯ ಕೆಲವು ಥ್ರಾಟಲ್‌ಗಳಿಗೆ ಚುಚ್ಚಬಹುದು, ಇಲ್ಲವೇ ಅಡಾಪ್ಟರ್ ಹಾಕಿ ಯುಎಸ್‌ಬಿಗೆ ಕೊಡಬಹುದು. ಥ್ರಾಟಲ್‌ಗೆ ಚುಚ್ಚಿದರೆ ಪೆಡಲ್ ಬೇರೆ ಸಾಧನವಾಗಿ ಪಟ್ಟಿಯಲ್ಲಿ ಕಾಣುವುದಿಲ್ಲ, ಥ್ರಾಟಲ್‌ನ ಆಕ್ಸಿಸ್‌ಗಳಲ್ಲೇ ಸೇರಿಕೊಂಡಿರುತ್ತದೆ. ಪೆಡಲ್ ಸತ್ತಿದೆ ಎಂದು ವಾಪಸ್ ಕೊಡುವ ಮೊದಲು ಅಲ್ಲೊಮ್ಮೆ ಹುಡುಕಿ. ಸ್ಟಿಕ್ ಹಿಡಿ ಬದಲಿಸುವವರಿಗೂ ಇದೇ ಮಾತು. ತಿರುಪಿನ ಎಳೆ ಕೂತ ಮಾತ್ರಕ್ಕೆ ಒಳಗಿನ ಪಿನ್‌ಗಳು ಒಂದೇ ಭಾಷೆ ಆಡುತ್ತವೆ ಎಂದಲ್ಲ.

ಯೋಕ್ ಆರಿಸುವಾಗ ನೋಡಬೇಕಾದ್ದು ತಿರುಗುವ ಕೋನ. ಹನಿಕೋಂಬ್ ಆಲ್ಫಾ ಎರಡೂ ಕಡೆ ಸೇರಿ 180 ಡಿಗ್ರಿ ತಿರುಗುತ್ತದೆ. ಕೋನ ಕಡಿಮೆ ಇರುವ ಯೋಕ್‌ನಲ್ಲಿ ಕೈ ಸ್ವಲ್ಪ ಅಲುಗಿದರೂ ರೆಕ್ಕೆ ಹೆಚ್ಚು ವಾಲುತ್ತದೆ. ಸೆನ್ಸಿಟಿವಿಟಿ ತಗ್ಗಿಸಿ ಮಧ್ಯಭಾಗ ಮೆತ್ತಗೆ ಮಾಡಬಹುದು, ಆಗ ತುದಿಯಲ್ಲಿ ಗೆರೆ ಕಡಿದಾಗುತ್ತದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಲೆಕ್ಕ.

ಆಲ್ಫಾದ ಸ್ವಿಚ್‌ಗಳಲ್ಲಿ ಇನ್ನೊಂದು ಗುಣವಿದೆ. ಆನ್ ಸ್ಥಾನಕ್ಕೆ ಒಂದು ಬಟನ್ ಸಂಖ್ಯೆ, ಆಫ್ ಸ್ಥಾನಕ್ಕೆ ಇನ್ನೊಂದು. ಕೈಯಿಂದ ಮಾಡುವ ಪ್ಯಾನೆಲ್‌ಗೂ ಇದನ್ನೇ ನಕಲು ಹೊಡೆಯಬೇಕು. ಕಾರಣ ಮುಂದಿದೆ.

ಸ್ವಿಚ್ ಪ್ಯಾನೆಲ್

ಬೇಕಾದದ್ದು: ಎರಡು ಸ್ಥಾನದ ಟಾಗಲ್ 12, 4 ಸ್ಥಾನದ ರೋಟರಿ ಸ್ವಿಚ್ 2, 3 ಸ್ಥಾನದ್ದು 1, ಒತ್ತಿ ಬಿಡುವ ಬಟನ್ 1, 1ಎನ್4148 ಡಯೋಡ್ 24, ತೆಳು ತಂತಿ, 3 ಮಿ.ಮೀ. ಅಲ್ಯೂಮಿನಿಯಂ ಅಥವಾ ಅಕ್ರಿಲಿಕ್ ಹಾಳೆ.

ತೂತಿನ ಅಳತೆ ಮೊದಲೇ ಗೊತ್ತಿರಲಿ. ದೊಡ್ಡ ಟಾಗಲ್‌ಗೆ 12 ಮಿ.ಮೀ., ಮಿನಿ ಟಾಗಲ್‌ಗೆ 6ರಿಂದ 6.5, ಇಸಿ11 ಎನ್‌ಕೋಡರ್‌ಗೆ 7. ದೊಡ್ಡ ಟಾಗಲ್‌ಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 25 ಮಿ.ಮೀ. ಬಿಟ್ಟರೆ ಬೆರಳು ಆಡುತ್ತದೆ. 12 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಮಿನಿ ಟಾಗಲ್‌ನ ತಿರುಪಿನ ಎಳೆ ಆಚೆ ಬರುವುದೇ ಇಲ್ಲ, ನಟ್ ಹಿಡಿಯುವುದಿಲ್ಲ. ಹಲಗೆಯೇ ಬೇಕೆಂದರೆ ಹಿಂಬದಿಯಿಂದ ಕೊರೆದು 3 ಮಿ.ಮೀ.ಗೆ ತೆಳುವಾಗಿಸಬೇಕು. ಗುಬುಟಿ ಕೊಳ್ಳುವಾಗ ಎನ್‌ಕೋಡರ್‌ನ ದಂಡ ಒಂದು ಬದಿ ಚಪ್ಪಟೆಯೋ, ಹಲ್ಲು ಹಲ್ಲಾಗಿದೆಯೋ ನೋಡಿ. ಎರಡೂ 6 ಮಿ.ಮೀ. ದಪ್ಪವೇ, ಆದರೆ ಒಂದರ ಗುಬುಟಿ ಇನ್ನೊಂದಕ್ಕೆ ಕೂರುವುದಿಲ್ಲ. 

24 ಸಂಕೇತಕ್ಕೆ 24 ಪಿನ್ ಪ್ರೊ ಮೈಕ್ರೊದಲ್ಲಿ ಇಲ್ಲ, ಇರುವುದು 18. ಆದ್ದರಿಂದ 5 ಸಾಲು, 5 ಕಂಬದ ಮ್ಯಾಟ್ರಿಕ್ಸ್. 10 ಪಿನ್‌ನಲ್ಲಿ 25 ಸಂಕೇತ ಹಿಡಿಯುತ್ತದೆ. ಥ್ರಾಟಲ್, ಮಿಕ್ಸ್ಚರ್‌ಗೆ 2, ಟ್ರಿಮ್ ಎನ್‌ಕೋಡರ್‌ಗೆ 2. 14ರಲ್ಲಿ ಮುಗಿಯಿತು.

ಪ್ರತಿ ಸ್ವಿಚ್‌ಗೂ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕಡ್ಡಾಯ. ಕೀಬೋರ್ಡ್ ಮಾಡುವವರು ಕೆಲವೊಮ್ಮೆ ಡಯೋಡ್ ಬಿಟ್ಟು ದಕ್ಕಿಸಿಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿ ಬೆರಳು ಎತ್ತಿದ ಕೂಡಲೇ ಕೀಲಿ ಬಿಡುತ್ತದೆ. ಕಾಕ್‌ಪಿಟ್‌ನಲ್ಲಿ ಏಳೆಂಟು ಟಾಗಲ್‌ಗಳು ಹಾರಾಟದುದ್ದಕ್ಕೂ ಆನ್ ಇರುತ್ತವೆ. ಮ್ಯಾಟ್ರಿಕ್ಸ್‌ನಲ್ಲಿ ಆಯತದ ಮೂರು ಮೂಲೆಯ ಸ್ವಿಚ್ ಮುಚ್ಚಿದ್ದರೆ ವಿದ್ಯುತ್ ಸುತ್ತು ಬಳಸಿ ನಾಲ್ಕನೆಯದೂ ಮುಚ್ಚಿದಂತೆ ತೋರಿಸುತ್ತದೆ. ಬೀಕನ್ ಹಾಕಿದರೆ ಪಿಟೊ ಹೀಟ್ ಆನ್ ಆಗುವ ವಿಚಿತ್ರಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಡಯೋಡ್‌ನ ಪಟ್ಟಿ ಇರುವ ತುದಿ ಎತ್ತ ಮುಖ ಮಾಡಬೇಕು ಎಂಬುದು ಫರ್ಮ್‌ವೇರ್ (ಬೋರ್ಡಿನೊಳಗಿನ ಪ್ರೋಗ್ರಾಮ್) ಸಾಲಿನಿಂದ ಓದುತ್ತದೆಯೋ ಕಂಬದಿಂದ ಓದುತ್ತದೆಯೋ ಎಂಬುದರ ಮೇಲೆ ನಿಂತಿದೆ. 24 ಬೆಸುಗೆ ಹಾಕುವ ಮೊದಲು ಒಂದನ್ನು ಹಾಕಿ ನೋಡಿ. ಒಂದೂ ಸ್ವಿಚ್ ಓದದಿದ್ದರೆ ಎಲ್ಲ ಡಯೋಡ್ ತಿರುಗಿಸಬೇಕಿಲ್ಲ, ಫರ್ಮ್‌ವೇರ್‌ನಲ್ಲಿ ಸಾಲು, ಕಂಬಗಳ ಪಾತ್ರ ಅದಲುಬದಲು ಮಾಡಿದರೆ ಸಾಕು.

ಈಗ ಆನ್, ಆಫ್ ವಿಷಯ. ಸಾದಾ ಟಾಗಲ್ ಆನ್ ಇರುವವರೆಗೆ ಬಟನ್ ಒತ್ತಿಹಿಡಿದಂತೆ. ಸಿಮ್ಯುಲೇಟರ್‌ನಲ್ಲಿ ಅದನ್ನು ‘ಟಾಗಲ್ ಲ್ಯಾಂಡಿಂಗ್ ಲೈಟ್ಸ್’ ಆಜ್ಞೆಗೆ ಕಟ್ಟಿದರೆ ಒತ್ತಿದಾಗ ದೀಪ ಬದಲಾಗುತ್ತದೆ, ಬಿಟ್ಟಾಗ ಏನೂ ಆಗುವುದಿಲ್ಲ. ಸ್ವಿಚ್ ಎರಡು ಸಲ ಆಡಿಸಿದರೆ ದೀಪ ಒಂದು ಸುತ್ತು. ಸ್ವಲ್ಪ ಹೊತ್ತಿಗೆ ಎರಡೂ ತಾಳ ತಪ್ಪುತ್ತವೆ. ಪರಿಹಾರ ಫರ್ಮ್‌ವೇರ್‌ನಲ್ಲಿದೆ: ಸ್ವಿಚ್ ಮುಚ್ಚಿದಾಗ ಒಂದು ಬಟನ್ ಸಂಖ್ಯೆಯನ್ನು, ತೆರೆದಾಗ ಇನ್ನೊಂದನ್ನು ಕ್ಷಣ ಒತ್ತಿ ಬಿಡುವಂತೆ ಬರೆಯಿರಿ. ಮೊದಲನೆಯದನ್ನು ‘ಆನ್’ ಆಜ್ಞೆಗೆ, ಎರಡನೆಯದನ್ನು ‘ಆಫ್’ ಆಜ್ಞೆಗೆ ಕಟ್ಟಿ. 12 ಟಾಗಲ್‌ಗೆ ಹೆಚ್ಚುವರಿ 12 ಸಂಖ್ಯೆ ಸೇರಿ 36 ಬಟನ್ ಆಯಿತು. ಟ್ರಿಮ್‌ನ ಮೇಲೆ, ಕೆಳಗೆ ಸೇರಿದರೆ 38. ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ 32 ಮಾತ್ರ ಕಾಣುತ್ತವೆ. ಉಳಿದ 6 ಕೆಟ್ಟಿವೆ ಎಂದು ಬೆಸುಗೆ ಬಿಚ್ಚಬೇಡಿ. ಡೈರೆಕ್ಟ್‌ಇನ್‌ಪುಟ್ ಒಂದು ಸಾಧನಕ್ಕೆ 128 ಬಟನ್, 8 ಆಕ್ಸಿಸ್‌ವರೆಗೆ ಒಪ್ಪುತ್ತದೆ, ಸಿಮ್ಯುಲೇಟರ್ ಒಳಗೆ ಹೋಗಿ ನೋಡಿದರೆ ಅವೂ ಸಿಗುತ್ತವೆ.

ಮ್ಯಾಗ್ನೆಟೊ ಬೇರೆ ಕಥೆ. ನಿಜ ವಿಮಾನದಲ್ಲಿ ಆಫ್, ಆರ್, ಎಲ್, ಬೋತ್, ಸ್ಟಾರ್ಟ್ ಎಂದು 5 ಸ್ಥಾನ. ಸ್ಟಾರ್ಟ್‌ನಿಂದ ಕೈಬಿಟ್ಟರೆ ಸ್ಪ್ರಿಂಗ್ ಬೋತ್‌ಗೆ ಎಳೆದುಕೊಳ್ಳುತ್ತದೆ. ಸಾಮಾನ್ಯ ರೋಟರಿ ಸ್ವಿಚ್‌ಗೆ ಆ ಸ್ಪ್ರಿಂಗ್ ಇಲ್ಲ. 5 ಸ್ಥಾನದ್ದನ್ನೇ ಹಾಕಿದರೆ ಮರೆತು ಸ್ಟಾರ್ಟ್‌ನಲ್ಲೇ ಬಿಡುತ್ತೀರಿ. ಅದಕ್ಕೇ 4 ಸ್ಥಾನದ ರೋಟರಿ, ಪಕ್ಕದಲ್ಲಿ ಸ್ಟಾರ್ಟರ್‌ಗೆ ಬೇರೆ ಬಟನ್. ರೋಟರಿ ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕ್ಷಣಕಾಲ ಯಾವ ತುದಿಗೂ ತಾಗಿರುವುದಿಲ್ಲ. ಬಟನ್ ಬಿಟ್ಟದ್ದನ್ನು ‘ಆಫ್’ ಎಂದು ಓದಿಸಿದ್ದರೆ ಎಲ್‌ನಿಂದ ಬೋತ್‌ಗೆ ತಿರುಗಿಸುವ ಹೊತ್ತಿಗೆ ಎಂಜಿನ್ ಕೆಮ್ಮುತ್ತದೆ. ಇಲ್ಲಿ ಟಾಗಲ್‌ಗೆ ಹೇಳಿದ್ದಕ್ಕೆ ತದ್ವಿರುದ್ಧ: ಪ್ರತಿ ಸ್ಥಾನ ಒತ್ತಿದ್ದನ್ನು ಮಾತ್ರ ಓದಬೇಕು, ಬಿಟ್ಟದ್ದನ್ನು ಕಡೆಗಣಿಸಬೇಕು. ಇಂಧನ ಆಯ್ಕೆಗೂ ಫ್ಲ್ಯಾಪ್‌ಗೂ ಇದೇ ನಿಯಮ.

ಥ್ರಾಟಲ್ ಮತ್ತು ಮಿಕ್ಸ್ಚರ್

ಸೆಸ್ನಾದಲ್ಲಿ ಇವು ತಳ್ಳಿ ಎಳೆಯುವ ಗುಬುಟಿಗಳು. ಆದ್ದರಿಂದ 60 ಮಿ.ಮೀ. ಓಟದ ಸ್ಲೈಡ್ ಪೊಟೆನ್ಶಿಯೊಮೀಟರ್, 10 ಕಿಲೋ ಓಮ್, ಲೀನಿಯರ್. ಎರಡು ತುದಿ 5 ವೋಲ್ಟ್ ಮತ್ತು ಗ್ರೌಂಡ್‌ಗೆ, ನಡುವಿನದು ಅನಲಾಗ್ ಪಿನ್‌ಗೆ.

ಲಿವರ್ ಬೇಕೆಂದು ತಿರುಗುವ ಪೊಟೆನ್ಶಿಯೊಮೀಟರ್ ಹಾಕುವವರು ಒಂದು ಲೆಕ್ಕ ಮರೆಯುತ್ತಾರೆ. ಅದು ಪೂರ್ತಿ ತಿರುಗಲು ಸುಮಾರು 300 ಡಿಗ್ರಿ ಬೇಕು, ಲಿವರ್ ಆಡುವುದು 60. ಪ್ರೊ ಮೈಕ್ರೊ 10 ಬಿಟ್‌ನಲ್ಲಿ ಓದುತ್ತದೆ, ಅಂದರೆ 1024 ಮೆಟ್ಟಿಲು. ನಿಮಗೆ ಸಿಗುವುದು ಅದರ ಐದನೇ ಒಂದು, ಸುಮಾರು 205. ತಂತಿಯ ಗದ್ದಲದಿಂದ ಓದು 2 ಮೆಟ್ಟಿಲು ಆಚೀಚೆ ಆದರೆ ಪೂರ್ತಿ ಓಟದಲ್ಲಿ ಅದು 0.2 ಶೇಕಡಾ, ಇಲ್ಲಿ 1 ಶೇಕಡಾ. ಆರ್‌ಪಿಎಂ ಮುಳ್ಳು ನಡುಗುವುದು ಕಣ್ಣಿಗೆ ಕಾಣುತ್ತದೆ. ಲಿವರ್‌ಗೂ ಪೊಟೆನ್ಶಿಯೊಮೀಟರ್‌ಗೂ ನಡುವೆ 4ಕ್ಕೆ 1ರ ಹಲ್ಲುಚಕ್ರ ಹಾಕಿದರೆ 240 ಡಿಗ್ರಿ ಬಳಕೆಗೆ ಬರುತ್ತದೆ. ಇಲ್ಲವೇ ಕಾಂತ ಮತ್ತು ಅದರ ಬಲ ಅಳೆಯುವ ಹಾಲ್ ಸೆನ್ಸರ್. ಉಜ್ಜುವ ಭಾಗವೇ ಇಲ್ಲದ್ದರಿಂದ ಸವೆಯುವುದಿಲ್ಲ. ಆದರೆ 5 ವೋಲ್ಟಿನಲ್ಲಿ ಓಡುವ ಹಾಲ್ ಸೆನ್ಸರ್‌ನ ಸಂಕೇತವನ್ನು 3.3 ವೋಲ್ಟಿನ ಎಸ್‌ಟಿಎಂ32 ಬೋರ್ಡಿನ ಅನಲಾಗ್ ಪಿನ್‌ಗೆ ನೇರ ಕೊಟ್ಟರೆ ಪಿನ್ ಸುಡಬಹುದು.

ಲೀನಿಯರ್ ಹೌದೋ ಅಲ್ಲವೋ ಎಂದು ಮೈಮೇಲಿನ ಅಕ್ಷರ ನೋಡಿ ನಂಬಬೇಡಿ. ಈಗಿನ ಬಹುಪಾಲು ಭಾಗಗಳಲ್ಲಿ ‘ಬಿ’ ಎಂದರೆ ಲೀನಿಯರ್, ‘ಎ’ ಎಂದರೆ ಆಡಿಯೊಗೆ ಬಳಸುವ ಲಾಗ್. ಹಳೆಯ ಕೆಲವು ಸಾಮಾನಿನಲ್ಲಿ ಇದು ತಿರುಗುಮುರುಗು. ಸರಿಯಾಗಿ ನಡುವಿಗೆ ಇಟ್ಟು, ನಡುವಿನ ಕಾಲಿಗೂ ಒಂದು ತುದಿಯ ಕಾಲಿಗೂ ಮಲ್ಟಿಮೀಟರ್ ಹಿಡಿಯಿರಿ. 5 ಕಿಲೋ ಓಮ್ ಆಸುಪಾಸು ತೋರಿಸಿದರೆ ಲೀನಿಯರ್. 1 ಅಥವಾ 9ರ ಹತ್ತಿರ ತೋರಿಸಿದರೆ ಅದನ್ನು ಆಂಪ್ಲಿಫೈಯರ್ ಮಾಡುವವರಿಗೆ ಕೊಟ್ಟುಬಿಡಿ.

ಸಿಮ್ಯುಲೇಟರ್ ಒಳಗೆ ಲಿವರ್‌ನ ಅರ್ಧ ಓಟದಲ್ಲಿ ಏನೂ ಆಗದಿದ್ದರೆ ವೈರಿಂಗ್ ಬಿಚ್ಚುವ ಮೊದಲು ಯಾವ ಆಜ್ಞೆಗೆ ಕಟ್ಟಿದ್ದೀರಿ ನೋಡಿ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಥ್ರಾಟಲ್ ಆಕ್ಸಿಸ್ ಎರಡು ಬಗೆ: ಸಾದಾ ಒಂದು, 0ಯಿಂದ 100 ಶೇಕಡಾ ಎಂದು ನಮೂದಾದದ್ದು ಇನ್ನೊಂದು. ಒಂದರಲ್ಲಿ ತಪ್ಪಿದರೆ ಇನ್ನೊಂದು. ಪೆಡಲ್‌ನ ಬ್ರೇಕಿನಲ್ಲೂ ಇಂಥದೇ ಬಲೆ. ಕೆಲವು ಪೆಡಲ್‌ಗಳು ಕಾಲು ಇಡದಿದ್ದಾಗಲೇ ಪೂರ್ಣ ಮೌಲ್ಯ ಕೊಡುತ್ತವೆ. ಪೂರ್ತಿ ಥ್ರಾಟಲ್ ಕೊಟ್ಟರೂ ವಿಮಾನ ನೆಲ ಕಚ್ಚಿಕೊಂಡು ನಿಂತಿದ್ದರೆ ಎರಡೂ ಬ್ರೇಕ್ ಆಕ್ಸಿಸ್‌ಗಳನ್ನು ರಿವರ್ಸ್ ಮಾಡಿ.

ರೇಡಿಯೊ ಪ್ಯಾನೆಲ್, ಮತ್ತು ಕರೆಂಟು

ಕಾಮ್, ನ್ಯಾವ್ ಎರಡಕ್ಕೂ ಬಳಕೆಯ ತರಂಗಾಂತರ ಒಂದು, ಕಾದಿರಿಸಿದ್ದು ಒಂದು. ಒಟ್ಟು 4 ಸಾಲು ಅಂಕಿ. ಮ್ಯಾಕ್ಸ್ 7219 ಚಿಪ್ ಇರುವ 8 ಅಂಕಿಯ ಮಾಡ್ಯೂಲ್ 4, ಒಂದರ ಬಾಲಕ್ಕೆ ಒಂದು ಸರಪಳಿಯಂತೆ. ಮೆಗಾದ 3 ಪಿನ್ ಸಾಕು. ಎನ್‌ಕೋಡರ್ 6 (ಜೋಡಿಯನ್ನು ಎರಡೆಂದು ಎಣಿಸಿ, ತಲಾ 2 ಪಿನ್), ಒತ್ತು ಬಟನ್ 2 ಸೇರಿ ಇನ್ನು 14.

ಇಸಿ11 ಎನ್‌ಕೋಡರ್ ಎಂದು ಒಂದೇ ಹೆಸರಿನಲ್ಲಿ ಮಾರುವವು ಒಳಗೆ ಬೇರೆ ಬೇರೆ. ಒಂದು ಸುತ್ತಿಗೆ 20 ಕಟಕ್, 20 ಪಲ್ಸ್ ಇರುವುದು ಒಂದು ಕಟಕ್‌ಗೆ 4 ಬದಲಾವಣೆ ಕೊಡುತ್ತದೆ. 30 ಕಟಕ್, 15 ಪಲ್ಸ್ ಇರುವುದು 2 ಕೊಡುತ್ತದೆ. ಮೊಬಿಫ್ಲೈಟ್‌ನಲ್ಲಿ ಎನ್‌ಕೋಡರ್ ಬಗೆ ತಪ್ಪಾಗಿ ಆರಿಸಿದರೆ ಒಂದು ಕಟಕ್‌ಗೆ ತರಂಗಾಂತರ ನಾಲ್ಕು ಹೆಜ್ಜೆ ಹಾರುತ್ತದೆ, ಇಲ್ಲವೇ ಎರಡು ಕಟಕ್‌ಗೆ ಒಂದೇ ಹೆಜ್ಜೆ. ಜಾಯ್‌ಸ್ಟಿಕ್ ಬಟನ್ ಆಗಿ ಕಳಿಸುವ ಟ್ರಿಮ್ ಎನ್‌ಕೋಡರ್‌ಗೆ ಇನ್ನೊಂದು ಎಚ್ಚರ. ಸೆಕೆಂಡಿಗೆ 30 ಫ್ರೇಮ್ ಓಡುವ ಸಿಮ್ಯುಲೇಟರ್‌ನಲ್ಲಿ ಒಂದು ಫ್ರೇಮ್ 33 ಮಿಲಿಸೆಕೆಂಡ್. ಬಟನ್ ಒತ್ತು 10 ಮಿಲಿಸೆಕೆಂಡಿನಷ್ಟೇ ಇದ್ದರೆ ಎರಡು ಫ್ರೇಮ್‌ಗಳ ನಡುವೆ ನುಸುಳಿಹೋಗಬಹುದು. 40 ಇಟ್ಟರೆ ತಪ್ಪುವುದಿಲ್ಲ.

ಕರೆಂಟಿನ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಎಲ್ಲ ಅಂಕಿ ಪೂರ್ಣ ಬೆಳಕಿನಲ್ಲಿ ಉರಿದರೆ ಒಂದು ಮ್ಯಾಕ್ಸ್ 7219 ಸುಮಾರು 330 ಮಿಲಿಆಂಪಿಯರ್ ನುಂಗುತ್ತದೆ. ನಾಲ್ಕಕ್ಕೆ 1.3 ಆಂಪಿಯರ್ ದಾಟಿತು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಆದರೆ 900. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಮೂಲಕ ಕೊಟ್ಟರೆ ಒಂದೊಂದು ಬಾಯಿಗೆ 100 ಮಾತ್ರ ಲೆಕ್ಕ. ಕರೆಂಟು ಸಾಲದಾದಾಗ ಅಂಕಿ ಮಂಕಾಗಿ ನಿಲ್ಲುವುದಿಲ್ಲ. ‘8’ಗಳು ತುಂಬಿದ ತರಂಗಾಂತರ ಬಂದ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಮೆಗಾ ರೀಸೆಟ್ ಆಗುತ್ತದೆ, ಮೊಬಿಫ್ಲೈಟ್ ಬೋರ್ಡನ್ನು ಕಳೆದುಕೊಳ್ಳುತ್ತದೆ. ಒಂದೇ ತರಂಗಾಂತರದಲ್ಲಿ ಮತ್ತೆ ಮತ್ತೆ ಕೆಡುವ ಪ್ಯಾನೆಲ್ ಕಂಡರೆ ಮೊದಲು ಇದನ್ನೇ ಶಂಕಿಸಿ.

ಇಲ್ಲಿ ಹಾಕಿದ್ದು 5 ವೋಲ್ಟ್, 3 ಆಂಪಿಯರ್‌ನ ಬೇರೆ ಸಪ್ಲೈ. ಅದರ ಧನ ತಂತಿ ಮಾಡ್ಯೂಲ್‌ಗಳಿಗೆ ಮಾತ್ರ, ಮೆಗಾದ 5 ವೋಲ್ಟ್ ಪಿನ್‌ಗೆ ತಾಗಿಸಬಾರದು, ಕರೆಂಟು ಹಿಮ್ಮುಖವಾಗಿ ಕಂಪ್ಯೂಟರಿನ ಪೋರ್ಟಿಗೆ ಹೋಗುತ್ತದೆ. ಗ್ರೌಂಡ್ ಮಾತ್ರ ಎರಡಕ್ಕೂ ಒಂದೇ ಇರಲೇಬೇಕು. ಇಲ್ಲದಿದ್ದರೆ ಅಂಕಿಗಳ ಬದಲು ಚಿತ್ತಾರ. ಪ್ರತಿ ಮಾಡ್ಯೂಲ್ ಬಳಿ 10 ಮೈಕ್ರೊಫ್ಯಾರಡ್ ಮತ್ತು 100 ನ್ಯಾನೊಫ್ಯಾರಡ್ ಕೆಪಾಸಿಟರ್ ಒಂದೊಂದು. ಮೆಗಾದಿಂದ ಮೊದಲ ಮಾಡ್ಯೂಲ್‌ಗೆ ತಂತಿ 30 ಸೆಂ.ಮೀ. ಒಳಗಿರಲಿ. ಬೆಳಕಿನ ಮಟ್ಟ 0ಯಿಂದ 15ರವರೆಗೆ ಇದೆ, 4 ಇಟ್ಟರೆ ಕತ್ತಲ ಕೋಣೆಯಲ್ಲಿ ಧಾರಾಳ.

ಜೋಡಿಸಿದ ಮೇಲೆ

ಪೆಡಲ್ ಮತ್ತು ಕುರ್ಚಿ ಒಂದೇ ಚೌಕಟ್ಟಿನಲ್ಲಿ ಕೂರಬೇಕು. ಗಾಲಿ ಕುರ್ಚಿಯಲ್ಲಿ ಕೂತು ಬ್ರೇಕ್ ಒತ್ತಿದರೆ ನಿಲ್ಲುವುದು ವಿಮಾನವಲ್ಲ, ಹಿಂದೆ ಸರಿಯುವುದು ಕುರ್ಚಿ.

ಪ್ರತಿ ಸಾಧನವನ್ನೂ ಒಂಟಿಯಾಗಿ ವಿಂಡೋಸ್‌ನಲ್ಲಿ ನೋಡಿ, ಆಮೇಲೆ ಸಿಮ್ಯುಲೇಟರ್‌ನಲ್ಲಿ ಖಾಲಿ ಪ್ರೊಫೈಲ್‌ನಿಂದ ಶುರು ಮಾಡಿ. ಹೊಸ ಸಾಧನ ಕಂಡ ಕೂಡಲೇ ಸಿಮ್ಯುಲೇಟರ್ ತನಗೆ ತೋಚಿದ ಆಜ್ಞೆಗಳನ್ನು ಕಟ್ಟಿಬಿಡಬಹುದು. ಯುದ್ಧವಿಮಾನಗಳ ಸಿಮ್ಯುಲೇಟರ್ ಡಿಸಿಎಸ್ ಅಂತೂ ಪೆಡಲ್‌ಗೂ ಥ್ರಾಟಲ್‌ಗೂ ರೋಲ್, ಪಿಚ್ ಹಂಚುತ್ತದೆ. ರೆಕ್ಕೆ ತಾನಾಗಿ ಅದುರುತ್ತಿದ್ದರೆ ಒಂದೇ ಆಕ್ಸಿಸ್‌ಗೆ ಇಬ್ಬರು ಯಜಮಾನರಿದ್ದಾರೆಯೇ ಎಂದು ಮೊದಲು ನೋಡಿ.

ಜೊತೆಗೆ ಬಂದ ಸೆಸ್ನಾದಲ್ಲಿ ನಡೆಯುವ ಸ್ವಿಚ್, ಕೊಂಡು ತಂದ ಬೇರೆ ವಿಮಾನದಲ್ಲಿ ಸುಮ್ಮನಿರಬಹುದು. ಅಂಥ ವಿಮಾನಗಳು ಸಿಮ್ಯುಲೇಟರ್‌ನ ಸಾಮಾನ್ಯ ಆಜ್ಞೆ ಬಿಟ್ಟು ತಮ್ಮದೇ ಎಲ್-ವೇರಿಯಬಲ್ (ಆ ವಿಮಾನದೊಳಗೆ ಮಾತ್ರ ಇರುವ ಮೌಲ್ಯ) ಬಳಸುತ್ತವೆ. ಜಾಯ್‌ಸ್ಟಿಕ್ ಮೆನುವಿನಿಂದ ಅಲ್ಲಿಗೆ ದಾರಿಯಿಲ್ಲ. ಮೊಬಿಫ್ಲೈಟ್, ಎಫ್‌ಎಸ್‌ಯುಐಪಿಸಿ ಅಥವಾ ಸ್ಪ್ಯಾಡ್ ನೆಕ್ಸ್ಟ್ ಮೂಲಕ ಹೋಗಬೇಕು.

ವಿಮಾನ ರನ್‌ವೇ ಮೇಲೆ ಎಂಜಿನ್ ಓಡುತ್ತಲೇ ಎದುರಾಗುತ್ತದೆ, ನಿಮ್ಮ ಸ್ವಿಚ್‌ಗಳೆಲ್ಲ ಕೆಳಗಿರುತ್ತವೆ. ಸ್ಥಿತಿ ಬದಲಾದಾಗ ಮಾತ್ರ ಬಟನ್ ಸುದ್ದಿ ಕಳಿಸುತ್ತದೆ, ಆದ್ದರಿಂದ ಸಿಮ್ಯುಲೇಟರ್‌ಗೆ ಇದು ಗೊತ್ತೇ ಇಲ್ಲ. ಮೊಬಿಫ್ಲೈಟ್‌ಗೆ ಕಟ್ಟಿದ ಸ್ವಿಚ್‌ಗಳನ್ನು ‘ರಿಟ್ರಿಗರ್ ಸ್ವಿಚಸ್’ ಕ್ರಿಯೆ ಒಂದೇ ಏಟಿಗೆ ಓದಿಸುತ್ತದೆ. ಪ್ರೊ ಮೈಕ್ರೊದಲ್ಲಿ ಇದೇ ಕೆಲಸಕ್ಕೆ ಮ್ಯಾಟ್ರಿಕ್ಸ್‌ನಲ್ಲಿ ಉಳಿದ 25ನೆಯ ಜಾಗಕ್ಕೆ ಇನ್ನೊಂದು ಬಟನ್, ಅದಕ್ಕೂ ಒಂದು ಡಯೋಡ್ ಹಾಕಿದೆ. ಒತ್ತಿದರೆ ಎಲ್ಲ ಸ್ವಿಚ್‌ಗಳ ಈಗಿನ ಸ್ಥಿತಿಯನ್ನು ಒಂದೊಂದಾಗಿ ಮತ್ತೆ ಕಳಿಸುತ್ತದೆ. ಒತ್ತುವ ಮೊದಲು ಮ್ಯಾಗ್ನೆಟೊ ಬೋತ್‌ನಲ್ಲಿರಲಿ, ಇಂಧನ ತೆರೆದಿರಲಿ.

ಅರ್ಧ ಗಂಟೆ ಹಾರಿದ ಮೇಲೆ ಯಾವುದೋ ಸಾಧನ ಮಾಯವಾದರೆ ವಿಂಡೋಸ್ ಅದನ್ನು ನಿದ್ದೆಗೆ ಕಳಿಸಿರಬಹುದು. ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ತೆಗೆದುಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ಹಬ್‌ನ ಪವರ್ ಉಳಿತಾಯದ ಟಿಕ್ ಕೂಡ. ಸಾಧನಗಳು ಹೆಚ್ಚಾಗಿ ಕಂಟ್ರೋಲರ್‌ನಲ್ಲಿ ಸಂಪನ್ಮೂಲ ಸಾಲದು ಎಂಬ ಸಂದೇಶ ಬಂದರೆ ಕೆಲವನ್ನು ಬೇರೆ ಕಂಟ್ರೋಲರ್‌ನ ಪೋರ್ಟಿಗೆ ಬದಲಿಸಬೇಕು. ಯುಎಸ್‌ಬಿ 2.0 ತಂತಿ 5 ಮೀಟರ್ ಮೀರಬಾರದು. ಎಲ್ಲ ಸರಿಯಾದ ಮೇಲೆ ಪ್ರತಿ ಪ್ಲಗ್ಗಿಗೂ ಪೋರ್ಟಿಗೂ ಒಂದೇ ಅಂಕಿಯ ಚೀಟಿ ಅಂಟಿಸಿ. ಒರೆಸಲೆಂದು ಬಿಚ್ಚಿ ಬೇರೆ ಪೋರ್ಟಿಗೆ ಚುಚ್ಚಿದರೆ ಅದೇ ಸಾಧನ ಹೊಸದಾಗಿ ಕಂಡು, ಕಟ್ಟಿದ ಆಜ್ಞೆಗಳೆಲ್ಲ ಕಾಣೆಯಾಗುವುದುಂಟು. ಒಂದೇ ಮಾದರಿಯ ಎರಡು ಕ್ವಾಡ್ರಂಟ್ ಇದ್ದರೆ ಎಡದ್ದು ಬಲದ್ದಾಗುವುದೂ ಉಂಟು.